ಹೂಂ ಅನ್ನುವವರ ಮುಂದೆ

ನಮ್ಮೂರ ಕೆರೆಯ ನೀರುಗಂಟಿಯಾಗಿದ್ದ ಕೆಂಪಯ್ಯ ಏರಿಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಕೊನೇ ಗದ್ದೆಯವನೂ ಮಲಗಿದ್ದಲ್ಲಿಂದ ಎದ್ದು ಬರುತ್ತಿದ್ದ. ತೂಬು ಎತ್ತಿ, ಸರದಿ ಯಾರದೋ ಅವರ ಗದ್ದೆಗೆ ನೀರು ಹರಿಸುವುದು ಅವನ ಕೆಲಸ. ನಾನು ಚಲುವರಾಜು, ಮದ್ದೂರು ಮಳವಳ್ಳಿ ಮಾರ್ಗದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸವೆದವನು. ಗಂಟಲು ನನಗೂ ಇದೆ. ಆದರೆ ನನ್ನದು ಬರೀ ಜೋರು, ಅವನದು ದೂರ ಹೋಗುತ್ತಿತ್ತು. ಆತಗೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಅವನ ವಿಷಯ ಹೇಳುವ ಹಕ್ಕು ನನಗಿಲ್ಲದಿದ್ದರೆ ಇನ್ಯಾರಿಗೂ ಇಲ್ಲ.

ಕೂಗಿನ ಜೊತೆಗೆ ಅವನಿಗೆ ಇನ್ನೊಂದು ವಿದ್ಯೆ ಇತ್ತು. ಸಂಜೆ ಜಗಲಿಯ ಮೇಲೆ ಕೂತು ಕತೆ ತೆಗೆದನೆಂದರೆ ಅದರಲ್ಲಿ ಬರುವ ಎಲ್ಲರ ದನಿಯಲ್ಲೂ ಮಾತಾಡುತ್ತಿದ್ದ. ಸಂತೆಯಲ್ಲಿ ವೀಳ್ಯದೆಲೆ ಮಾರುವವಳು, ಕೀರಲು ದನಿಯ ಹಳೇ ಪಟೇಲ, ಮಾತಿಗೊಮ್ಮೆ ಮೂಗೆಳೆಯುತ್ತಿದ್ದ ನಮ್ಮಜ್ಜಿ, ಎಲ್ಲರೂ ಆ ಒಂದು ಗಂಟಲಲ್ಲಿ ಇದ್ದರು. ನಮ್ಮಜ್ಜಿ ತೀರಿಕೊಂಡು ವರ್ಷಗಳಾದ ಮೇಲೆ ಅವನ ಬಾಯಲ್ಲಿ ಅವಳು ಮೂಗೆಳೆದಾಗ ನನಗೆ ಕಣ್ಣು ತುಂಬಿದ್ದುಂಟು. ನಾನು ಕಂಬಕ್ಕೆ ಒರಗಿ ಹೂಂ ಹೂಂ ಅನ್ನುತ್ತಾ ಕೇಳುತ್ತಿದ್ದೆ.

ಒಬ್ಬರ ದನಿಯನ್ನು ಮಾತ್ರ ಅವನು ಯಾವತ್ತೂ ತೆಗೆಯಲಿಲ್ಲ. ಅವನ ಹೆಂಡತಿ ಕುಸುಮಳದ್ದು. ಮಗಳು ಗಗನ ಆಗತಾನೇ ಗೋಡೆ ಹಿಡಿದು ನಡೆಯುತ್ತಿದ್ದಾಗ ಕುಸುಮ ಕಾಮಾಲೆ ಬಂದು ತೀರಿಕೊಂಡಳು. ಆಮೇಲೆ ಅವಳ ಮಾತು ಬಂದರೆ ಕೆಂಪಯ್ಯ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಆ ಹಸು ಕೊಬ್ಬಿದ್ದು ಹಾಗೆ. ಮನೆಯಲ್ಲಿ ಮದುವೆಯ ಫೋಟೋ ಒಂದಿತ್ತು, ಆದರೆ ಫೋಟೋ ಮಾತಾಡುವುದಿಲ್ಲವಲ್ಲ.

ಗಗನಳನ್ನು ಅವನೇ ಸಾಕಿದ. ತಲೆ ಬಾಚುವುದನ್ನು ನನ್ನ ಹೆಂಡತಿ ಶ್ವೇತಳಿಂದ ಕಲಿತು ಬಾಚಿದ, ಓದಿಸಿದ. ಈಗ ಅವಳು ಮದ್ದೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಒಂದು ಭಾನುವಾರ ಬಂದು, ಪಾಡ್‌ಕಾಸ್ಟ್ ಶುರು ಮಾಡುತ್ತೇನೆ ಅಂದಳು.

"ಅಂಗಂದ್ರೆ ಏನವ್ವ?" ಅಂದೆ.

"ರೇಡಿಯೋ ಇದ್ದಂಗೆ ಚಿಕ್ಕಪ್ಪ. ಬೇಕಾದಾಗ ಕೇಳ್ಬೌದು, ಬ್ಯಾಡ್ವಾದ್ರೆ ಆರುಸ್ಬೌದು."

"ಅಂತಾ ಗುಂಡಿ ನಿಮ್ ಚಿಕ್ಕಪ್ಪಂಗೂ ಇದ್ದಿದ್ರೆ ಎಸ್ಟ್ ಸಂದಾಗಿರದು" ಅಂದಳು ಶ್ವೇತ ಒಳಗಿನಿಂದ.

ಹುಡುಗಿ ಕೆಲಸಕ್ಕೆ ಇಳಿದ ರೀತಿ ನನಗೆ ಮೆಚ್ಚುಗೆಯಾಯಿತು. ಹೊಸಬರಿಗೆಂದೇ ಫೋನಿನಲ್ಲಿ ಪಾಠ ಮಾಡುವವರ ಹತ್ತಿರ ಕಲಿತಳು. ಯಾರಿಗಾಗಿ ಮಾಡುತ್ತೀಯ, ಯಾವ ವಿಷಯ, ಎಷ್ಟು ದಿನಕ್ಕೊಮ್ಮೆ, ಹೆಸರೇನು ಅಂತ ಮೊದಲೇ ಯೋಚಿಸಬೇಕಂತೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕೈಯಾರೆ ದುಡಿದ ಹಿರಿಯರು ತಮ್ಮ ಬದುಕನ್ನು ತಮ್ಮ ಬಾಯಲ್ಲೇ ಹೇಳಬೇಕು, ಅದು ವಿಷಯ. ಹೆಸರು 'ತೂಬು'. ಅಪ್ಪನ ಕಸುಬಿನಿಂದ ತೆಗೆದದ್ದು. ಕಣಜವಿದ್ದ ಕೋಣೆಯನ್ನು ಖಾಲಿ ಮಾಡಿ, ಸದ್ದು ಬರದ ಹಾಗೆ ಗೋಡೆಗೆಲ್ಲ ಕೌದಿ ಇಳಿಬಿಟ್ಟಳು. ಫ್ಯಾನು ಹಾಕುವಂತಿಲ್ಲ. ಒಳಗೆ ಕೂತರೆ ಇಡ್ಲಿ ಪಾತ್ರೆಯಲ್ಲಿ ಬೆಂದ ಹಾಗೆ. ಪಾಠ ಹೇಳಿದವರು ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದರಂತೆ: ಬಂದವರು ಮಾತಾಡುವಾಗ ನೀನು ಬಾಯಿ ಮುಚ್ಚಿರಬೇಕು, ತಲೆ ಮಾತ್ರ ಆಡಿಸಬೇಕು, ನಡುವೆ ನಿನ್ನ ಸದ್ದು ಬಂದರೆ ಕೇಳುವವರಿಗೆ ಕಿರಿಕಿರಿ.

ಮೊದಲು ಬಂದವಳು ಪೂರಿಗಾಲಿಯ ಬೀರಮ್ಮ. ಊರೂರು ತಿರುಗಿ ಹೆರಿಗೆ ಮಾಡಿಸಿದ ಮುದುಕಿ. ಆಟೋದಿಂದ ಇಳಿಯುತ್ತಲೇ ನನ್ನ ಬೊಜ್ಜು ನೋಡಿ, "ನಿನ್ಗೆಷ್ಟಲಾ ತಿಂಗ್ಳು?" ಅಂದವಳು, ಆ ಕೋಣೆಯೊಳಗೆ ಹೋಗಿ ಮೈಕಿನ ಮುಂದೆ ಕೂತದ್ದೇ ಕೋರ್ಟಿನ ಸಾಕ್ಷಿಯಾಗಿಬಿಟ್ಟಳು. "ಎರ್ಗೆ ಮಾಡ್ಸಿವ್ನಿ. ಸುಮಾರು ಮಾಡ್ಸಿವ್ನಿ." ಅಷ್ಟೇ. ಆಮೇಲೆ ಶಿವಪುರದ ಸಿದ್ದರಾಮು ಬಂದ, ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಅವನೂ ಬೆವರು ಒರೆಸಿಕೊಂಡು, ಬೆಲ್ಲ ಸಿಹಿಯಾಗಿರುತ್ತದೆ ಅನ್ನುವಷ್ಟನ್ನು ಹೇಳಿ ಎದ್ದುಹೋದ. ಗಗನ ಅದನ್ನೆಲ್ಲ ಕತ್ತರಿಸಿ, ಒಪ್ಪ ಮಾಡಿ, ಮಾತು ತಪ್ಪದೆ ಭಾನುವಾರ ಬಿಟ್ಟು ಭಾನುವಾರ ಹಾಕಿದಳು. ಕೇಳುವವರು ನಾವು ನಾವೇ.

"ಎಲ್ರೂ ಪೋಲೀಸ್ ಟೇಸನ್ನಲ್ಲಿ ಕುಂತಂಗವ್ರೆ ಕಣವ್ವ" ಅಂದೆ. ನನಗೆ ಮುಚ್ಚಿಟ್ಟು ಮಾತಾಡುವುದು ಬರುವುದಿಲ್ಲ. ಅವಳು ಮುಖ ಸಪ್ಪಗೆ ಮಾಡಿಕೊಂಡಳು, ಆದರೆ ಬಿಡಲಿಲ್ಲ.

ಹೀಗಿರುವಾಗ ಕೆಂಪಯ್ಯನ ದನಿ ಒಡೆಯಿತು. ಯುಗಾದಿಯ ಹೊತ್ತಿಗೆ ಶುರುವಾದದ್ದು, ಬೀಡಿ ಬದಲಾಯಿಸಿದ್ದಕ್ಕೆ ಅಂದ, ಧೂಳಿಗೆ ಅಂದ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಗಂಟಲಲ್ಲಿ ಗೆಡ್ಡೆ ಇದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಟಕ್ಕೆ ದಾರಿ ಕೊಡುತ್ತೇವೆ, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಅಂದರು. ಕೆಂಪಯ್ಯ ಕೇಳಿದ್ದು ಒಂದೇ ಪ್ರಶ್ನೆ.

"ಮುದ್ದೆ ಉಣ್ಬೌದಾ?"

"ಉಣ್ಣಬಹುದು."

"ಸರಿ ಬುಡಿ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಗಗನ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಊರು ಮುಟ್ಟಿದ ಮೇಲೆ ನಮ್ಮ ಹಿತ್ತಲಿಗೆ ಬಂದು ನಿಂತಳು.

"ಚಿಕ್ಕಪ್ಪ, ನಮ್ಮವ್ವ ಎಂಗ್ ಮಾತಾಡ್ತಿದ್ಲು?"

ಹೇಳಲು ನೋಡಿದೆ. ಬಿರುಸು ಅಂದೆ, ಸ್ವಲ್ಪ ಮೂಗಿನಲ್ಲಿ ಅಂದೆ, ನಗು ಕಲೆತಿರುತ್ತಿತ್ತು ಅಂದೆ.

"ಅದಲ್ಲ ಚಿಕ್ಕಪ್ಪ, ಅದೇ ದನಿ ಬೇಕು. ಅಪ್ಪ ಎಲ್ರ ದನೀನೂ ತೆಗೀತಾನೆ. ಅವ್ವನ್ದೂ ಅವನ ಗಂಟ್ಲಲ್ಲೇ ಅದೆ. ಅದ ತೆಗ್ದಾಕ್ಬುಟ್ರೆ ಅವ್ವನ ದನೀನೂ ಓಯ್ತದೆ. ಇನ್ನೆಲ್ಲೂ ಇಲ್ಲ ಅದು."

ಇಷ್ಟು ದಿನ ಆ ಕೋಣೆ, ಆ ಕೌದಿ, ಆ ಮೈಕು ಎಲ್ಲ ಯಾತಕ್ಕೆ ಅನ್ನುವುದು ಆಗ ನನ್ನ ದಪ್ಪ ತಲೆಗೆ ಹೋಯಿತು. ಊರವರನ್ನು ಮಾತಾಡಿಸಿ ಕೈ ಪಳಗಿಸಿಕೊಂಡು, ಒಂದು ದಿನ ಅಪ್ಪನನ್ನು ಮಾತಾಡಿಸಬೇಕು ಅಂತ ಇದ್ದಳು. ನಿಧಾನವಾಗಿ ಆಗುತ್ತದೆ ಅಂದುಕೊಂಡಿದ್ದಳು. ಈಗ ಆಸ್ಪತ್ರೆಯವರು ತಾರೀಕು ಕೊಟ್ಟುಬಿಟ್ಟಿದ್ದರು.

ಅವ್ವನ ವಿಷಯ ಹೇಳು ಅಂತ ಗಗನ ಕೇಳಿದಾಗ ಕೆಂಪಯ್ಯ ಈ ಸಲ ಹಸುವಿನ ಕಡೆ ಹೋಗಲಿಲ್ಲ. "ಏಳ್ತೀನಿ ಕಣವ್ವ. ಇನ್ಯಾವತ್ತು ಏಳ್ಲಿ" ಅಂದ. ಮೂವರೂ ಕೋಣೆಯಲ್ಲಿ ಕೂತೆವು. ಅವನು ಮೈಕಿನ ಮುಂದೆ, ಗಗನ ಎದುರಿಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಾನು ಮೂಲೆಯಲ್ಲಿ.

"ನಿಮ್ಮವ್ವ ಪೂರಿಗಾಲಿಯೋಳು" ಅಂತ ಶುರು ಮಾಡಿದ.

"ಹೂಂ" ಅಂದೆ ನಾನು.

ಗಗನ ಹೆಡ್‌ಫೋನ್ ತೆಗೆದಳು. "ಚಿಕ್ಕಪ್ಪ, ನಿನ್ ಸದ್ದು ಬತ್ತಾ ಅದೆ. ಒಸಿ ಈಚೆ ಕೂತ್ಕೊತೀಯಾ?"

ಸಿಟ್ಟು ನೆತ್ತಿಗೇರಿತು. ಇವಳು ಹುಟ್ಟುವುದಕ್ಕೆ ಮುಂಚಿನಿಂದ ಆ ಮನುಷ್ಯನಿಗೆ ಹೂಂ ಅಂದವನು ನಾನು, ಈಗ ನಾನು ಸದ್ದಾಗಿ ಹೋದೆ! ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ. ಶ್ವೇತ ಊಟಕ್ಕೆ ಕರೆದರೆ ಅವಳ ಮೇಲೂ ಹರಿಹಾಯ್ದೆ. ಆದರೆ ಕಿವಿ ಮಾತ್ರ ಗೋಡೆಯಾಚೆಗೇ ಇತ್ತು. ಸ್ವಲ್ಪ ಹೊತ್ತಿಗೇ ಬಾಗಿಲು ತೆಗೆದ ಸದ್ದು, ಕೆಂಪಯ್ಯ ಕೆಮ್ಮುತ್ತಾ ಹೊರಗೆ ಬಂದ ಸದ್ದು.

ಎರಡು ಮಾತಾಡಿ ಮಗಳ ಮುಖ ನೋಡಿದನಂತೆ. ಅವಳು ತುಟಿ ಬಿಗಿಹಿಡಿದು, ಕಣ್ಣರಳಿಸಿ ತಲೆಯಾಡಿಸಿದಳಂತೆ. "ಆಮೇಲೆ... ಆಮೇಲೇನವ್ವ, ಓಗ್ಬುಟ್ಲು" ಅಂದು ಎದ್ದುಬಿಟ್ಟನಂತೆ. ಮಾರನೆಯ ದಿನವೂ ಅದೇ. ಗಗನ ಪ್ರಶ್ನೆಗಳನ್ನು ಬದಲಾಯಿಸಿದಳು, ಮೈಕಿನ ಜಾಗ ಬದಲಾಯಿಸಿದಳು, ಅಪ್ಪನ ಕೈಗೆ ಕಾಫಿ ಕೊಟ್ಟು ಕೂರಿಸಿದಳು. ಅವನು ಪ್ರತಿ ಸಲ ಮನಸ್ಸು ಮಾಡಿಯೇ ಒಳಗೆ ಹೋಗುತ್ತಿದ್ದ, ಪ್ರತಿ ಸಲ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಬರುತ್ತಿದ್ದ. ದನಿ ದಿನದಿನಕ್ಕೆ ಸವೆಯುತ್ತಿತ್ತು. ನನ್ನ ಸಿಟ್ಟು ಇಳಿದು ಭಯ ಶುರುವಾಯಿತು.

ಎಲ್ಲಿ ತಪ್ಪುತ್ತಿದೆ ಅಂತ ಹುಡುಕಲು ಗಗನ ಒಂದು ಸಂಜೆ ಜಗಲಿಯಲ್ಲಿ ಕೂತು ಇದುವರೆಗೆ ಮಾಡಿದ್ದನ್ನೆಲ್ಲ ಕೇಳುತ್ತಿದ್ದಳು. ಇದ್ದಕ್ಕಿದ್ದ ಹಾಗೆ ನಕ್ಕಳು. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದಳು. ಮೈಕು ತಂದ ಹೊಸತರಲ್ಲಿ, ಸರಿಯಾಗಿದೆಯಾ ಅಂತ ನೋಡಲು ಇದೇ ಜಗಲಿಯಲ್ಲಿಟ್ಟು ಅದನ್ನು ಚಾಲೂ ಮಾಡಿದ್ದಳು. ಅದರಲ್ಲಿ ಕೆಂಪಯ್ಯ ನನಗೆ ನೀರುಗಳ್ಳನೊಬ್ಬನ ಕತೆ ಹೇಳುತ್ತಿದ್ದಾನೆ. ಗದ್ದೆಬದಿಯಲ್ಲಿ ಸಿಕ್ಕಿಬಿದ್ದ ಕಳ್ಳನ ದನಿ, ಅವನ ಹೆಂಡತಿಯ ದನಿ, ಪಂಚಾಯ್ತಿ ಮಾಡಿದವರ ದನಿ, ಎಲ್ಲ ನೀರು ಹರಿದ ಹಾಗೆ ಬರುತ್ತಿದೆ. ನಡುನಡುವೆ ಕಬ್ಬಿನ ಟ್ರ್ಯಾಕ್ಟರು, ಕರುವಿನ ಕೂಗು, ಮತ್ತೆ ನನ್ನ ಹೂಂ. ನೀರಲ್ಲಿ ಮುಳುಗಿದ ಎಮ್ಮೆ ಉಸಿರು ಬಿಟ್ಟ ಹಾಗಿದೆ ನನ್ನ ಹೂಂ. ಗೊತ್ತಿರಲಿಲ್ಲ.

ಕೆಂಪಯ್ಯ ಅಲ್ಲೇ ಕೂತಿದ್ದ. ಗಗನ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವತ್ತು ಇಷ್ಟೊತ್ತು ಮಾತಾಡಿದೀಯ. ನನ್ ಮುಂದೆ ಯಾಕಪ್ಪ ಆಗದಿಲ್ಲ?"

ಅವನು ಕೈಯಲ್ಲಿದ್ದ ನೀರು ಅಳೆಯುವ ಕೋಲನ್ನು ಕಂಬಕ್ಕೆ ಒರಗಿಸಿದ. ಆಮೇಲೆ ಆ ಸವೆದ ದನಿಯಲ್ಲಿ ಹೇಳಿದ.

"ನೀನು ಹೂಂ ಅನ್ನಾಕಿಲ್ಲ ಕಣವ್ವ. ಹೂಂ ಅನ್ನದೋರ ಮುಂದೆ ನಾನ್ ಮಾತಾಡದು ಒಂದೇ ತಾವ, ನಿಮ್ಮವ್ವನ ಗುಡ್ಡೆ ತಾವ. ದಿನಾ ಓಗಿ ಎಲ್ಲಾನೂವೆ ಏಳ್ತೀನಿ. ನೀನು ಪಾಸಾಗಿದ್ದು, ಕೆಲ್ಸ ಸಿಕ್ಕಿದ್ದು. ಅವ್ಳು ಹೂಂ ಅನ್ನಾಕಿಲ್ಲ. ಆ ಕ್ವಾಣೇಲಿ ನೀನೂ ಅಂಗೇ ಕುಂತಿದ್ದೆ. ಬಾಯ್ ಮುಚ್ಕಂಡು, ನನ್ನೇ ನೋಡ್ಕಂಡು. ಅವ್ಳದೇ ಮಕ ನಿಂದು. ನಂಗೆ ಎದೆ ಒಡ್ದೋದಂಗಾಯ್ತದೆ ಕಣವ್ವ."

ಸಂಜೆ ಹೊತ್ತು ಅವನು ಗದ್ದೆ ಕಡೆ ಹೋಗುವುದನ್ನು ನಾನು ಅಷ್ಟು ವರ್ಷ ನೋಡಿದ್ದೇನೆ. ನೀರು ನೋಡಲು ಹೋಗುತ್ತಾನೆ ಅಂದುಕೊಂಡಿದ್ದೆ. ಕುಸುಮಳನ್ನು ಹೂತ ಮಣ್ಣಗುಡ್ಡೆ ಅದೇ ಗದ್ದೆಯ ಬದಿಯಲ್ಲಿದೆ ಅನ್ನುವುದು ನನಗೆ ಗೊತ್ತಿದ್ದೂ ಹೊಳೆದಿರಲಿಲ್ಲ. ಗೋಡೆ ಹಂಚಿಕೊಂಡರೆ ಸಾಕೇ? ನನಗೆ ಬಹಳ ಸಂಕಟವಾಯಿತು.

ಮಾರನೆಯ ದಿನ ಗಗನ ಮೈಕನ್ನು ತಂದು ಜಗಲಿಯ ಒರಳುಕಲ್ಲಿನ ಮೇಲೆ ಇಟ್ಟಳು. ಟ್ರ್ಯಾಕ್ಟರು ಬರ್ತದಲ್ಲ ಅಂದೆ. "ಬರೋ ಸದ್ದು ಬರ್ಲಿ" ಅಂದಳು. ನಾನು ಎದ್ದು ಹೊರಟರೆ ತಡೆದಳು. "ಕೂತ್ಕೊ ಚಿಕ್ಕಪ್ಪ. ಆದ್ರೆ ಹೂಂ ನಾನೇ ಅಂತೀನಿ." ನಾನು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದೆ.

ಅವಳ ಹೂಂ ಮೊದಮೊದಲು ಎಲ್ಲೆಲ್ಲೋ ಬೀಳುತ್ತಿತ್ತು. ಕೆಂಪಯ್ಯ ನನ್ನ ಕಡೆ ಕಣ್ಣು ಹೊಡೆದು, "ಮಾತು ಮುಗಿಯೋಗಂಟ ತಡ್ಕಳವ್ವ. ಬಸ್ಸು ನಿಲ್ಲಕ್ ಮುಂಚೆ ಇಳೀಬಾರ್ದು" ಅಂದ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಹೊಂದಿಕೊಂಡಿತು. ಅವನು ಹೇಳುವುದು, ಇವಳು ಹೂಂ ಅನ್ನುವುದು, ಅವನು ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗುವುದು.

"ಗಂಡನ್ ಎಸ್ರು ಏಳ್ಬಾರ್ದು ಅಂತವ ನಿಮ್ಮವ್ವ ಕಟ್ನಿಟ್ಟು. ನಾನೋ ಒತ್ತಾರಿಂದ ಸಂದೆಗಂಟ ಗದ್ದೆ ಬಯ್ಲಲ್ಲಿ. ಉಣ್ಣಕ್ ಕರೀಬೇಕಲ್ಲ, ಏನಂತ ಕೂಗ್ತಾಳೆ?"

"ಹೂಂ."

"ಕೂಗ್ತಿರ್ನಿಲ್ಲ. ಅಲ್ಲಿಗಂಟ ನಡ್ಕಂಡ್ ಬಂದು ಇಂದ್ಗಡೆ ನಿಂತ್ಕಂಡು ಕೆಮ್ತಿದ್ಲು. ನಾನು ತಿರುಗೋಗಂಟ ಕೆಮ್ತಿದ್ಲು. ಒಂದಿನ ಬೇಕಂತ್ಲೇ ತಿರುಗ್ನಿಲ್ಲ. ಮಣ್ಣೆಂಟೆ ತಗಂಡು ಬೆನ್ಗೊಡುದ್ಲು."

ಗಗನ ನಗುತ್ತಲೇ ಹೂಂ ಅಂದಳು.

"ನೀನ್ ಉಟ್ಟುದ್ ಮ್ಯಾಲೆ ನಮ್ಮವ್ವ ತನ್ನೆಸ್ರೇ ಮಡುಗ್ಬೇಕು ಅಂದ್ಲು, ಅಂಕಮ್ಮ ಅಂತ. ನಿಮ್ಮವ್ವ ಒಪ್ನಿಲ್ಲ. ಕೂಗುದ್ರೆ ಏರಿಗಂಟ ಓಗೋ ಎಸ್ರೇ ಬೇಕು ಅಂತ ಅಟ ಇಡುದ್ಲು. ಗಗ್ನ ಅಂತ ಮಡುಗುದ್ಲು. ಅವತ್ನಿಂದ ನನ್ ಕರೀಬೇಕಾದ್ರೆ ನಿನ್ನೆಸ್ರು ಕೂಗೋಳು. ನೀನು ತೊಟ್ಲಲ್ಲಿ ಮಲ್ಗಿರ್ತಿದ್ದೆ. ನಾನು ಗದ್ದೇಲಿ ಓ ಅಂತಿದ್ದೆ."

ಗಗನಳ ಹೂಂ ನಿಂತಿತು. "ಎಂಗ್ ಕೂಗ್ತಿದ್ಲಪ್ಪ?"

ಅವನು ಕಣ್ಣು ಮುಚ್ಚಿದ. ಗಂಟಲು ಸರಿಮಾಡಿಕೊಂಡ. ಇದು ಬರುವುದಿಲ್ಲ, ಆ ದನಿಯಲ್ಲಿ ಇನ್ನು ಬಲವಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಬಂತು.

"ಗಗ್ನಾ... ಗಗ್ನಾವ್..."

ಅದು ಕೆಂಪಯ್ಯನ ದನಿಯಲ್ಲ. ಮೂಗಿನಲ್ಲಿ ಹುಟ್ಟಿ, ಮೇಲಕ್ಕೆ ಹೋಗಿ, ಕೊನೆಯಲ್ಲಿ ಸ್ವಲ್ಪ ನಗು ಬೆರೆತ ದನಿ. ರಜೆಯಿದ್ದ ದಿನಗಳ ಮಧ್ಯಾಹ್ನ ಈ ಗೋಡೆಯಾಚೆಯಿಂದ ನಾನು ಎಷ್ಟು ಸಲ ಕೇಳಿದ್ದೆನೋ. ಕುಸುಮ ಬಾಗಿಲಲ್ಲಿ ನಿಂತು ಗಂಡನನ್ನು ಕರೆಯುತ್ತಿದ್ದಳು.

ಗಗನ ಹೂಂ ಅನ್ನಲಿಲ್ಲ. "ಓ" ಅಂದಳು.

ನಮ್ಮಲ್ಲಿ ಅವ್ವ ಕರೆದರೆ ಮಕ್ಕಳು ಎಲ್ಲಿದ್ದರೂ ಓ ಅನ್ನಬೇಕು. ಆ ಹುಡುಗಿಗೆ ಮಾತು ಬರುವ ಹೊತ್ತಿಗೆ ಕರೆಯುವವಳಿರಲಿಲ್ಲ. ಕೆಂಪಯ್ಯ ಕಣ್ಣು ಬಿಡದೆ ಮತ್ತೊಮ್ಮೆ ಕರೆದ. "ಓ, ಬಂದೆ ಕಣವ್ವ" ಅಂದಳು ಗಗನ. ಮೈಕು ಚಾಲೂ ಇತ್ತು. ಕಬ್ಬಿನ ಟ್ರ್ಯಾಕ್ಟರೊಂದು ಬೀದಿಯಲ್ಲಿ ಗುಡುಗಿಕೊಂಡು ಹೋಯಿತು. ನಾನು ಅತ್ತೆ, ಅದರಲ್ಲಿ ಮುಚ್ಚಿಡುವುದೇನು.

ಆಪರೇಷನ್ ಆಯಿತು. ಜೀವ ಉಳಿಯಿತು. ಡಾಕ್ಟರು ಹೇಳಿದ ಹಾಗೇ ಮುದ್ದೆ ಇಳಿಯುತ್ತದೆ.

ಗಗನ ಕೌದಿಗಳನ್ನು ಇಳಿಸಿ ಒಗೆದು ಮಡಚಿಟ್ಟಳು. ಬೀರಮ್ಮನನ್ನು ಮತ್ತೆ ಕರೆಸಲಿಲ್ಲ, ತಾನೇ ಪೂರಿಗಾಲಿಗೆ ಹೋಗಿ ಅವಳ ಮನೆಯ ಅಂಗಳದಲ್ಲಿ ಕೂತು ಹೂಂ ಅಂದಳು. ದನ ಮನೆಗೆ ಬರುವ ತನಕ ಮುದುಕಿ ಬಾಯಿ ಮುಚ್ಚಲಿಲ್ಲ. ಆ ಹೂಂಗಳನ್ನು ಗಗನ ಒಂದನ್ನೂ ಕತ್ತರಿಸದೆ ಹಾಕಿದಳು. ಅಲ್ಲಿಂದ 'ತೂಬು' ಹರಿಯಿತು. ಮೊನ್ನೆ ಮಳವಳ್ಳಿ ಬಸ್ಸಿನಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ ಒಬ್ಬ ಹೆಣ್ಣುಮಗಳು ತನ್ನಷ್ಟಕ್ಕೆ ತಾನೇ ಹೂಂ ಹೂಂ ಅನ್ನುತ್ತಿದ್ದಳು. ಮಂಡ್ಯದ ಹುಡುಗರು ಬಂದು, ನಾವೂ ಶುರು ಮಾಡಬೇಕು, ಯಾವ ಮೈಕು ತಗೊಳ್ಳಲಿ ಅಂತ ಗಗನಳನ್ನು ಕೇಳುತ್ತಾರೆ. ಮೈಕಿನ ಹೆಸರು ಹೇಳುತ್ತಾಳೆ, ಆಮೇಲೆ ಯಾರಾದರೂ ಮುದುಕರ ಹತ್ತಿರ ಕೂತು ಒಂದು ಸಂಜೆ ಹೂಂ ಅಂದು ಬನ್ನಿ ಅಂತ ಕಳಿಸುತ್ತಾಳೆ.

ಅಪ್ಪನ ಆ ಸಂಜೆಯನ್ನು ಮಾತ್ರ ಅವಳು ಹಾಕಲಿಲ್ಲ. ಹಾಕು ಅಂತ ನಾನು ಪೀಡಿಸಿದೆ. "ಚಿಕ್ಕಪ್ಪ, ಅವ್ವ ಕೂಗಿದ್ದು ನನ್ನ, ಊರೋರ್ನಲ್ಲ" ಅಂದಳು.

ಇತ್ತ ಕೆಂಪಯ್ಯ ಜಗಲಿಗೆ ಬರುವುದನ್ನೇ ಬಿಟ್ಟ. ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಒಳಗೇ ಕೂರುತ್ತಿದ್ದ. ನೋಡಲು ಬಂದವರು ಅವನು ಕಿವುಡನೇನೋ ಅನ್ನುವ ಹಾಗೆ ಕಿರುಚಿ ಮಾತಾಡುತ್ತಿದ್ದರು, ಮೂರ್ಖರು. ಅವನು ಗೋಡೆಗೆ ತಿರುಗುತ್ತಿದ್ದ. ಊರನ್ನೇ ಎಬ್ಬಿಸುತ್ತಿದ್ದ ಮನುಷ್ಯ ಹೀಗೆ ಕೂತಿರುವುದನ್ನು ನೋಡಲಾಗದೆ, ನಾನೂ ಒಬ್ಬನೇ ಕಂಬಕ್ಕೆ ಒರಗಿ ಬೀದಿ ನೋಡುತ್ತಿದ್ದೆ.

ಒಂದು ಭಾನುವಾರ ಗಗನ ಒರಳುಕಲ್ಲಿನ ಮೇಲೆ ಮೈಕಿಟ್ಟು, ಒಳಗೆ ಹೋಗಿ ಅಪ್ಪನ ರಟ್ಟೆ ಹಿಡಿದು ಕರೆತಂದು ಜಗಲಿಯಲ್ಲಿ ಕೂರಿಸಿದಳು. ಅವನು ನೀರು ಅಳೆಯುತ್ತಿದ್ದ ಹಳೇ ಕೋಲು ಪಕ್ಕದಲ್ಲೇ ಕಂಬಕ್ಕೆ ಒರಗಿತ್ತು.

"ಇವತ್ತು ನಾನ್ ಏಳ್ತೀನಿ" ಅಂದಳು. "ನಮ್ಮವ್ವ ಪೂರಿಗಾಲಿಯೋಳು."

ನಿಲ್ಲಿಸಿದಳು. ನನ್ನ ಬಾಯಿ ತಾನಾಗಿ ತೆರೆಯಿತು. ಅವಳು ನನ್ನ ಕಡೆ ನೋಡದೆಯೇ ಕೈಯೆತ್ತಿ ತಡೆದಳು. ಅವಳ ಕಣ್ಣು ಅಪ್ಪನ ಮೇಲಿತ್ತು. ಕೆಂಪಯ್ಯ ಕುತ್ತಿಗೆಯ ಟವೆಲ್ ಮುಟ್ಟಿಕೊಂಡ, ಆಗುವುದಿಲ್ಲ ಅಂತ ತಲೆಯಾಡಿಸಿದ. ಅವಳು ಮುಂದಕ್ಕೆ ಹೋಗಲಿಲ್ಲ. ಸುಮ್ಮನೆ ಕಾದಳು. ಎದುರು ಮನೆಯ ಕೋಳಿ ಜಗಲಿ ಹತ್ತಿ ಇಳಿದುಹೋಯಿತು. ಆಮೇಲೆ ಅವನು ಕೋಲು ಎತ್ತಿಕೊಂಡು ಜಗಲಿಯ ಕಲ್ಲಿಗೆ ಒಂದು ಸಲ ಕುಟ್ಟಿದ. ಟಕ್.

"ಗಂಡನ್ ಎಸ್ರು ಏಳ್ಬಾರ್ದು ಅಂತವ ಕಟ್ನಿಟ್ಟು" ಅಂದಳು ಗಗನ.

ಟಕ್.

ಅದನ್ನು ಹಾಗೇ ಹಾಕಿದಳು. ಎಲ್ಲೆಲ್ಲಿಂದಲೋ ಕೇಳಿದವರು ಬರೆದರು. ಕತೆ ಚೆನ್ನಾಗಿದೆ, ಕಣ್ಣೀರು ಬಂತು, ಆದರೆ ನಡುನಡುವೆ ಏನೋ ಕುಟ್ಟುವ ಸದ್ದು ಬರುತ್ತಿದೆ, ಮುಂದಿನ ಸಲ ಅದನ್ನು ತೆಗೆದುಹಾಕಿ ಅಂತ. ಗಗನ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವಳ ಫೋನು ಇಸಿದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಎಲ್ಲರಿಗೂ ಕಾಣುವ ಹಾಗೆ ಬರೆದೆ.

"ಅದು ನಮ್ ಕೆಂಪಯ್ಯ ಕಣ್ರಪ್ಪ. ಹೂಂ ಅಂತಾವ್ನೆ."